ವಿಜಯಾ ಎಂಬ ಗಿಡದ ಕಥೆ

ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಆಗಾಗ ಒಂದೇ ಬಗೆಯ ಸುದ್ದಿ ಬರುತ್ತಿರುತ್ತದೆ. ಯಾವುದೋ ಹಳ್ಳಿಯ ಕಬ್ಬಿನ ಹೊಲದಲ್ಲಿಯೋ ತೊಗರಿಯ ಸಾಲುಗಳ ನಡುವೆಯೋ ಕದ್ದು ಬೆಳೆದಿದ್ದ ಗಾಂಜಾ ಗಿಡಗಳನ್ನು ಅಬಕಾರಿಯವರು ಕಿತ್ತು ಜಪ್ತು ಮಾಡಿದರು ಎಂಬ ಸುದ್ದಿ. ಜೊತೆಗೆ ಒಂದು ಚಿತ್ರ. ಕಿತ್ತ ಗಿಡಗಳ ಹೊರೆ, ಅದರ ಹಿಂದೆ ಸಾಲಾಗಿ ನಿಂತ ಅಧಿಕಾರಿಗಳು, ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತ ಒಬ್ಬ ಒಕ್ಕಲಿಗ. ನಾವು ಹೆಣ್ಣುಮಕ್ಕಳು ಆ ಪುಟವನ್ನು ಸರಕ್ಕನೆ ತಿರುವಿಬಿಡುತ್ತೇವೆ. ಅದು ನಮಗೆ ಸಂಬಂಧಪಟ್ಟ ವಿಷಯವಲ್ಲ, ಗಂಡಸರ ಕೆಟ್ಟ ಚಟದ ವಿಷಯ ಎಂದು ನಮ್ಮ ಭಾವನೆ. ಆದರೆ ಆ ಹೊರೆಯಲ್ಲಿ ಬಿದ್ದಿರುವ ಗಿಡಕ್ಕೆ ಸಂಸ್ಕೃತದಲ್ಲಿ 'ವಿಜಯಾ' ಎಂದು ಹೆಸರು. 2014ರ ನವೆಂಬರ್ 1ರಿಂದ ಬಿಜಾಪುರ ಹೋಗಿ ವಿಜಯಪುರವಾದ ನಮ್ಮ ಜಿಲ್ಲೆಗೂ ಅದಕ್ಕೂ ಹೆಸರಿನಲ್ಲಿ ನಂಟು ಬಿದ್ದಿರುವುದು ಬರಿಯ ಕಾಕತಾಳೀಯ. ಆದರೂ ಆ ಹೆಸರು ನನ್ನನ್ನು ಈ ಗಿಡದ ಹಿಂದೆ ಬಹಳ ದೂರ ಕರೆದುಕೊಂಡು ಹೋಯಿತು.

ಇದರ ಹೆಸರು ಅಥರ್ವವೇದದಷ್ಟು ಹಳೆಯದು. ಅಲ್ಲಿ 'ಭಂಗಾ' ಎಂಬ ಸಸ್ಯದ ಉಲ್ಲೇಖವಿದೆ. ನಮ್ಮ ಕನ್ನಡದ 'ಭಂಗಿ' ಅದೇ. ಎಲೆಯನ್ನು ಅರೆದು ಕುಡಿದರೆ ಭಂಗಿ, ಹೆಣ್ಣು ಗಿಡದ ಹೂತುದಿಯನ್ನು ಒಣಗಿಸಿದರೆ ಗಾಂಜಾ, ಅದರ ಅಂಟನ್ನು ಉಜ್ಜಿ ತೆಗೆದರೆ ಚರಸ್. ಗಿಡ ಒಂದೇ, ಆದರೆ ಬಲದಲ್ಲಿ ಬಹಳ ವ್ಯತ್ಯಾಸ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಮುಂದೆ ಕಾನೂನಿನ ಮಾತು ಬಂದಾಗ ಬೇಕಾಗುತ್ತದೆ. ಆಯುರ್ವೇದದ ಶಾರ್ಙ್ಗಧರ ಸಂಹಿತೆ ಭಂಗಿಯನ್ನೂ ಅಫೀಮನ್ನೂ 'ವ್ಯವಾಯಿ' ಎಂಬ ಗುಂಪಿಗೆ ಸೇರಿಸುತ್ತದೆ. ಎಂದರೆ ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯ. ಹೊಟ್ಟೆಯ ಬೇನೆಗೆ ಕೊಡುವ ಜಾತಿಫಲಾದಿ ಚೂರ್ಣದಲ್ಲಿ ಇಂದಿಗೂ ಇದು ಸೇರುತ್ತದೆ. ವೈದ್ಯರು ಇದನ್ನು ಮದ್ದೆಂದೂ ತಿಳಿದಿದ್ದರು, ಅಳತೆ ತಪ್ಪಿದರೆ ಕೆಡುಕೆಂದೂ ತಿಳಿದಿದ್ದರು. ಅದಕ್ಕಾಗಿಯೇ ಹಾಲು, ತುಪ್ಪಗಳಲ್ಲಿ ಶುದ್ಧಿ ಮಾಡುವ ಕ್ರಮವನ್ನು ಇಟ್ಟುಕೊಂಡಿದ್ದರು.

ಪಶ್ಚಿಮದವರಿಗೆ ಇದನ್ನು ವಿವರವಾಗಿ ತಿಳಿಸಿದವರಲ್ಲಿ ಮೊದಲಿಗನೆನ್ನಬಹುದಾದವನು ನಮ್ಮ ನೆರೆಯಲ್ಲಿಯೇ ಇದ್ದ. 1510ರವರೆಗೆ ಗೋವೆ ನಮ್ಮ ಆದಿಲಶಾಹಿಗೆ ಸೇರಿತ್ತು. ಪೋರ್ತುಗೀಜರು ಅದನ್ನು ಕಸಿದುಕೊಂಡ ಮೇಲೆ ಅಲ್ಲಿ ಬಂದು ನೆಲೆಸಿದ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಗೋವೆಯಲ್ಲಿಯೇ ಒಂದು ಪುಸ್ತಕ ಅಚ್ಚು ಹಾಕಿಸಿದ. ಈ ದೇಶದ ಮದ್ದಿನ ಗಿಡಗಳ ಬಗ್ಗೆ ಇಬ್ಬರು ಮಾತಾಡಿಕೊಳ್ಳುವ ರೀತಿಯ ಪುಸ್ತಕ. ಅದರಲ್ಲಿ ಭಂಗಿಯ ಮೇಲೂ ಒಂದು ಅಧ್ಯಾಯವಿದೆ. ತನಗೆ ಗೊತ್ತಿಲ್ಲದೆ ಅದನ್ನು ಸೇವಿಸಿದ ಮನೆಯ ಆಳುಗಳು, ಅದರಿಂದ ದುಡಿಮೆಯ ದಣಿವು ತಿಳಿಯುವುದಿಲ್ಲ, ಹಸಿವೆ ಚೆನ್ನಾಗಿ ಆಗುತ್ತದೆ ಎಂದು ಹೇಳಿದ್ದನ್ನು ಅವನು ಬರೆದಿಟ್ಟಿದ್ದಾನೆ. ದೊಡ್ಡವರ ಮಾತನ್ನಷ್ಟೇ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಆಳುಮಕ್ಕಳ ಅನುಭವವನ್ನೂ ಒಬ್ಬ ವೈದ್ಯ ದಾಖಲು ಮಾಡಿದನಲ್ಲ ಎಂದು ನನಗೆ ಅವನ ಮೇಲೆ ಗೌರವ.

ನಮ್ಮ ಸೀಮೆಯಲ್ಲಿ ಈ ಗಿಡಕ್ಕೆ ದೇವರ ನಂಟೂ ಉಂಟು. ಮುದ್ದೇಬಿಹಾಳದಿಂದ ಪೂರ್ವಕ್ಕೆ ಹೊರಟರೆ ಕೃಷ್ಣೆಯ ದಂಡೆಯ ಮೇಲೆ ಸುರಪುರ ಸೀಮೆಯ ತಿಂಥಣಿ ಸಿಗುತ್ತದೆ. ಹಿಂದೂಗಳಿಗೂ ಮುಸಲ್ಮಾನರಿಗೂ ಬೇಕಾದ ಮೌನೇಶ್ವರನ ಕ್ಷೇತ್ರ ಅದು. ಅಲ್ಲಿಯ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ಪದ್ಧತಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ದೊಡ್ಡದಾಗಿ ಬರೆದವು. ಆರೂಢರು, ಅವಧೂತರು, ಶರಣರೆಂದು ಕರೆಸಿಕೊಳ್ಳುವ ಕೆಲವು ಪಂಥಗಳವರು ಧ್ಯಾನಕ್ಕೆ ಇದು ಸಹಾಯಕವೆಂದು ನಂಬುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲವೆಂಬುದು ಬೇರೆ ಮಾತು. ಇತಿಹಾಸ ಕಲಿಸುವವಳಾದ ನನಗೆ ಇಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. 1858ರ ಬಂಡಾಯದ ನಂತರ ಸುರಪುರ ನಿಜಾಮನ ಪಾಲಾಯಿತು. ಇತ್ತ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳು ಇಂಗ್ಲಿಷರ ಮುಂಬಯಿ ಪ್ರಾಂತದಲ್ಲಿದ್ದವು. ಒಂದೇ ನುಡಿ, ಒಂದೇ ಜೋಳ, ಒಂದೇ ದೇವರು, ಆದರೆ ಎರಡು ಸರಕಾರ, ಎರಡು ಅಬಕಾರಿ. ಒಂದೇ ಗಿಡ ಗಡಿಯ ಈಚೆಗೆ ಒಂದು ಕಾಯಿದೆಗೆ, ಆಚೆಗೆ ಇನ್ನೊಂದು ಕಾಯಿದೆಗೆ ಒಳಪಡುತ್ತಿತ್ತು. ಗಿಡದ ಗುಣ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಮಾತ್ರ ಗಡಿ ದಾಟಿದಾಗಲೆಲ್ಲ ಬದಲಾಗುತ್ತಿತ್ತು.

ಇನ್ನೊಂದನ್ನೂ ಹೇಳಬೇಕು. ಜಾತ್ರೆಯ ಚಿಲುಮೆಯಾಗಲಿ, ಮಠದ ಪಡಸಾಲೆಯಾಗಲಿ, ಅದೆಲ್ಲ ಗಂಡಸರ ಲೋಕ. ಅದರ ಸುಖದಲ್ಲಿ ನಮಗೆ ಪಾಲಿರಲಿಲ್ಲ, ದುಃಖದಲ್ಲಿ ಮಾತ್ರ ಇತ್ತು. ಕೂಲಿಯ ದುಡ್ಡು ಹೊಗೆಯಾಗಿ ಹೋದ ಮನೆಯಲ್ಲಿ ಒಲೆ ಹೊತ್ತಿಸುವುದು ಹೇಗೆಂಬ ಚಿಂತೆ ಹೆಂಗಸಿನದು. ಆದ್ದರಿಂದ ಈ ಗಿಡದ ಹೆಸರು ಕೇಳಿದೊಡನೆ ನಮ್ಮ ಅಕ್ಕತಂಗಿಯರು ಮುಖ ಸಿಂಡರಿಸಿದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಚಟದ ಕಥೆ ಬೇರೆ, ಮದ್ದಿನ ಕಥೆ ಬೇರೆ. ನಾನು ಹೇಳಹೊರಟಿರುವುದು ಎರಡನೆಯದನ್ನು.

1839ರಲ್ಲಿ ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಓಶಾನೆಸ್ಸಿ ಎಂಬ ಐರಿಷ್ ಡಾಕ್ಟರ ಪ್ರೊಫೆಸರನಾಗಿದ್ದ. ಆಗ ಅವನಿಗೆ ಮೂವತ್ತು ವರ್ಷ. ಮುಂದೆ ಈ ದೇಶಕ್ಕೆ ತಂತಿಯ ಮಾರ್ಗ ಹಾಕಿಸಿದವನೂ ಅವನೇ. ಅಲ್ಲಿನ ಪಂಡಿತರನ್ನೂ ಹಕೀಮರನ್ನೂ ಕೇಳಿ ಗಾಂಜಾದ ಬಗ್ಗೆ ತಿಳಿದುಕೊಂಡ. ಮೊದಲು ನಾಯಿ ಮೊದಲಾದ ಪ್ರಾಣಿಗಳಿಗೆ ಕೊಟ್ಟು ನೋಡಿದ, ಆಮೇಲೆ ಅಳೆದು ರೋಗಿಗಳಿಗೆ ಕೊಟ್ಟ. ಸಂಧಿವಾತ, ಕಾಲರಾ, ಹುಚ್ಚುನಾಯಿ ಕಡಿತ, ಧನುರ್ವಾಯು ಎಲ್ಲದರಲ್ಲಿಯೂ ಪ್ರಯೋಗಿಸಿದ. ಹುಚ್ಚುನಾಯಿ ಕಚ್ಚಿದವನು ಉಳಿಯಲಿಲ್ಲ, ಆದರೆ ಅವನ ಕೊನೆಯ ಸಂಕಟ ಕಡಿಮೆಯಾಯಿತು. ಧನುರ್ವಾಯುವಿನಲ್ಲಿ ಮೈ ಬಿಲ್ಲಿನಂತೆ ಸೆಟೆಯುತ್ತದೆಯಲ್ಲ, ಆ ಸೆಡೆತ ಸಡಿಲವಾಗುವುದನ್ನು ಕಂಡ. ನಲವತ್ತು ದಿನದ ಕೂಸಿನ ಸೆಳವನ್ನೂ ಇದರಿಂದ ಹಿಡಿತಕ್ಕೆ ತಂದ. ಸ್ನಾಯುಗಳ ಸೆಡೆತಕ್ಕೆ ಈ ಗಿಡ ಒಂದು ಮದ್ದು ಎಂಬುದು ಆಧುನಿಕ ವೈದ್ಯಶಾಸ್ತ್ರದ ಪುಸ್ತಕದಲ್ಲಿ ಬರೆಯಲ್ಪಟ್ಟದ್ದು ಹೀಗೆ, ನಮ್ಮ ದೇಶದಲ್ಲಿ, ನಮ್ಮವರ ಬಾಯಿಂದ ಕೇಳಿದ ತಿಳಿವಳಿಕೆಯ ಮೇಲೆ. ಅವನು ಊರಿಗೆ ಹೋಗುವಾಗ ಗಾಂಜಾವನ್ನು ಲಂಡನ್ನಿಗೆ ಒಯ್ದ. ಅಲ್ಲಿಯ ಔಷಧಿ ಅಂಗಡಿಯವರು ಅದರ ಅರಕು ತಯಾರಿಸಿ ಮಾರಿದರು. ರಾಣಿ ವಿಕ್ಟೋರಿಯಾಳ ವೈದ್ಯನಾಗಿದ್ದ ರಸೆಲ್ ರೆನಾಲ್ಡ್ಸ್ 1890ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತನ್ನ ಮೂವತ್ತು ವರ್ಷಗಳ ಅನುಭವವನ್ನು ಬರೆದ. ರಾಣಿಯೇ ಅದನ್ನು ಸೇವಿಸುತ್ತಿದ್ದಳೆಂದು ಕೆಲವರು ಬಣ್ಣ ಹಚ್ಚಿ ಹೇಳುವುದುಂಟು. ಅದಕ್ಕೆ ದಾಖಲೆಯಿಲ್ಲ, ನಾವು ನಂಬಬೇಕಾಗಿಯೂ ಇಲ್ಲ.

ಅಷ್ಟರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಒಂದು ಪ್ರಶ್ನೆ ಎದ್ದಿತು. ಗಾಂಜಾ ಸೇದಿ ಹಿಂದುಸ್ಥಾನದ ಜನ ಹುಚ್ಚರಾಗುತ್ತಿದ್ದಾರೆ, ಹುಚ್ಚಾಸ್ಪತ್ರೆಗಳು ತುಂಬುತ್ತಿವೆ, ಸರಕಾರ ಅದರಿಂದ ತೆರಿಗೆ ಎತ್ತುತ್ತಿದೆ ಎಂಬ ಆಕ್ಷೇಪ. 1893ರಲ್ಲಿ ಸರಕಾರ ಒಂದು ಆಯೋಗವನ್ನು ನೇಮಿಸಿತು. ನಾಲ್ವರು ಇಂಗ್ಲಿಷರು, ಮೂವರು ನಮ್ಮವರು. ಪ್ರಾಂತದಿಂದ ಪ್ರಾಂತಕ್ಕೆ ತಿರುಗಿ 1193 ಜನರ ಸಾಕ್ಷ್ಯ ಪಡೆದರು. ನಮ್ಮ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೂ ವಿಚಾರಣೆ ನಡೆಯಿತು. ಡಾಕ್ಟರರು, ವೈದ್ಯರು, ಪಾದ್ರಿಗಳು, ಅಬಕಾರಿಯವರು, ಜಮೀನುದಾರರು ಎಲ್ಲರನ್ನೂ ಕೇಳಿದರು. ದುಡಿಯುವ ಎತ್ತುಗಳಿಗೆ ದಣಿವಾರಲೆಂದು ಭಂಗಿ ತಿನ್ನಿಸುತ್ತಾರೆಯೇ ಎಂಬುದನ್ನೂ ಬಿಡಲಿಲ್ಲ. ಹುಚ್ಚಾಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಹುಚ್ಚಿಗೆ ಕಾರಣವೇನೆಂದು ತಿಳಿಯದಾಗ ಗಾಂಜಾ ಎಂದು ಬರೆದುಬಿಟ್ಟ ಪ್ರಕರಣಗಳೇ ಎಷ್ಟೋ ಸಿಕ್ಕವು. 1894ರಲ್ಲಿ ಬಂದ ವರದಿ ಮೂರು ಸಾವಿರ ಪುಟ ಮೀರಿತ್ತು. ಮಿತವಾದ ಸೇವನೆಯಿಂದ ಹೆಚ್ಚಿನ ಕೆಡುಕಿಲ್ಲ, ಅತಿಯಾದದ್ದು ಕೆಡುಕೇ, ಪೂರ್ತಿ ನಿಷೇಧ ಬೇಡ, ಹತೋಟಿ ಬೇಕು ಎಂದು ಅದರ ತೀರ್ಮಾನ. ಪರಕೀಯ ಸರಕಾರಕ್ಕೆ ತೆರಿಗೆಯ ಆಸೆ ಇತ್ತೆಂಬುದನ್ನು ಮರೆಯಬಾರದು. ಆದರೂ ಕೇಳಿ, ಹುಡುಕಿ, ನೋಡಿ ಆಮೇಲೆ ಹೇಳುವ ಒಂದು ಕ್ರಮ ಆ ವರದಿಯಲ್ಲಿ ಕಾಣುತ್ತದೆ.

ಈಗ ರೋಗದ ಮಾತಿಗೆ ಬರುತ್ತೇನೆ. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಎಂಬುದು ಒಂದು ಕಾಲಕ್ಕೆ ಬಡ ಹೆಂಗಸರಿಗೆ ಮೀಸಲಾದ ಬಹು ದೊಡ್ಡ ಆಸ್ಪತ್ರೆ. ಅಲ್ಲಿದ್ದ ಶಾರ್ಕೋ ಎಂಬ ವೈದ್ಯ 1868ರಲ್ಲಿ ಒಂದು ರೋಗವನ್ನು ಬಿಡಿಸಿ ತೋರಿಸಿ ಹೆಸರಿಟ್ಟ. ಈಗ ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ, ಚಿಕ್ಕದಾಗಿ ಎಂ.ಎಸ್. ಮನೆಯ ಕರೆಂಟಿನ ತಂತಿಗೆ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆಯಲ್ಲ, ಹಾಗೆ ನಮ್ಮ ನರಗಳಿಗೂ ಒಂದು ಹೊದಿಕೆ ಇದೆ. ರೋಗಾಣುಗಳೊಡನೆ ಹೋರಾಡಬೇಕಾದ ಮೈಯ ಕಾವಲು ಪಡೆಯೇ ದಾರಿ ತಪ್ಪಿ ಮಿದುಳು, ಬೆನ್ನುಹುರಿಗಳಲ್ಲಿ ಆ ಹೊದಿಕೆಯನ್ನು ಅಲ್ಲಲ್ಲಿ ತಿಂದುಹಾಕುತ್ತದೆ. ಆಗ ಸಂದೇಶ ಸರಿಯಾಗಿ ಹರಿಯುವುದಿಲ್ಲ. ಒಂದು ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮೂತ್ರ ಹಿಡಿತದಲ್ಲಿರುವುದಿಲ್ಲ, ಹೇಳಲಾಗದ ಸುಸ್ತು ಬರುತ್ತದೆ. ಬಂದದ್ದು ಕೆಲ ವಾರಗಳಲ್ಲಿ ತಾನೇ ಹೋಗುವುದೂ ಉಂಟು, ತಿಂಗಳೋ ವರ್ಷವೋ ಕಳೆದು ಇನ್ನೊಂದು ರೂಪದಲ್ಲಿ ತಿರುಗಿ ಬರುವುದೂ ಉಂಟು. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಎಂದರೆ ಮದುವೆ, ಬಸಿರು, ಬಾಣಂತನ, ನೌಕರಿ, ಮಕ್ಕಳ ಶಾಲೆ ಎಲ್ಲವೂ ಮೈಮೇಲೆ ಇರುವ ಕಾಲದಲ್ಲಿ. ತಂಪು ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಕಡಿಮೆ, ಇಲ್ಲವೆಂದಲ್ಲ. ಬಿಸಿಲು ಏರಿದರೆ ಈ ರೋಗದ ತೊಂದರೆಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ ಎಂಬುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಾದ ಸಂಗತಿ. ನಮ್ಮ ಜಿಲ್ಲೆಯ ಏಪ್ರಿಲ್, ಮೇ ತಿಂಗಳನ್ನು ನೆನೆಸಿಕೊಂಡರೆ ಇಂಥ ರೋಗಿಯ ಪಾಡು ಅರ್ಥವಾಗುತ್ತದೆ.

ಈ ರೋಗದ ಹೆಸರನ್ನು ನಾನು ಮೊದಲು ಕೇಳಿದ್ದು ನನ್ನೊಡನೆ ಕೆಲಸ ಮಾಡುತ್ತಿದ್ದ ಒಬ್ಬ ಶಿಕ್ಷಕಿಯಿಂದ. ಬೋರ್ಡಿನ ಮೇಲೆ ಬರೆಯುತ್ತ ನಿಂತವರು ಕಾಲಿಗೆ ಬಲವಿಲ್ಲದೆ ಗೋಡೆ ಹಿಡಿದುಕೊಳ್ಳುತ್ತಿದ್ದರು. ರಕ್ತ ಕಡಿಮೆ ಎಂದರು ಒಬ್ಬರು, ವಾಯು ಎಂದರು ಇನ್ನೊಬ್ಬರು. ಅತ್ತೆಯ ಮನೆಯವರು ಕೆಲಸಗಳ್ಳತನವೆಂದರು. ತಾಯತ ಕಟ್ಟಿಸಿದರು, ಹರಕೆ ಹೊತ್ತರು. ಕಣ್ಣು ಮಂಜಾದಾಗ ಕನ್ನಡಕ ಕೊಡಿಸಿದರು, ಅದು ತಾನೇ ತಿಳಿಯಾದಾಗ ದೇವರು ಒಲಿದನೆಂದರು. ಕೊನೆಗೆ ಸೊಲ್ಲಾಪುರಕ್ಕೆ ಹೋಗಿ ಎಂ.ಆರ್.ಐ. ಮಾಡಿಸಿದ ಮೇಲೆ ರೋಗಕ್ಕೆ ಹೆಸರು ಸಿಕ್ಕಿತು. ರೋಗದ ಹೆಸರು ಕೇಳಿ ಯಾರಾದರೂ ಸಮಾಧಾನ ಪಡುತ್ತಾರೆಯೇ? ಅವರು ಪಟ್ಟರು. 'ನಾ ನಾಟಕಾ ಮಾಡೂದಿಲ್ಲ ಅಂತ ಕಾಗದದ ಮ್ಯಾಲ ಬಂತಲ್ರೀ' ಎಂದರು. ಅವರಿಗಿದ್ದ ದೊಡ್ಡ ಕಷ್ಟ ರಾತ್ರಿಯದು. ಮಲಗಿದೊಡನೆ ಕಾಲುಗಳು ಕಟ್ಟಿಗೆಯಂತೆ ಸೆಟೆದು ಜಗ್ಗುತ್ತಿದ್ದವು. ಯಾರೋ ಸಂಬಂಧಿಕರು, ಗಾಂಜಾ ಇದಕ್ಕೆ ಮದ್ದಂತೆ, ಪರದೇಶದಲ್ಲಿ ಡಾಕ್ಟರರೇ ಕೊಡುತ್ತಾರಂತೆ ಎಂದು ಕಿವಿಯಲ್ಲಿ ಹೇಳಿ ಹೋಗಿದ್ದರು. 'ನೀವು ಇತಿಹಾಸದವರು, ಇದು ಖರೇನೋ ಸುಳ್ಳೋ ನೋಡಿ ಹೇಳ್ರಿ' ಎಂದು ಅವರು ಕೇಳಿದರು. ಖರೆಯೂ ಹೌದು, ಸುಳ್ಳೂ ಹೌದು ಎಂಬಂಥ ಪ್ರಶ್ನೆ ಅದು. ಅದನ್ನು ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಲೇಬೇಕು.

ಒಂದು ಕಾಲಕ್ಕೆ ಔಷಧಿಯ ಅಂಗಡಿಯಲ್ಲಿ ಸಿಗುತ್ತಿದ್ದ ಈ ಮದ್ದು ಮಾಯವಾದದ್ದಕ್ಕೆ ಮೊದಲ ಕಾರಣ ಕಾನೂನಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಸೂಜಿಮದ್ದಾಗಿ ಕೊಡಲು ಬರಲಿಲ್ಲ. ಒಂದು ಬಾಟಲಿಯ ಬಲ ಇನ್ನೊಂದಕ್ಕಿರುತ್ತಿರಲಿಲ್ಲ, ಮೊನ್ನೆ ಸಾಕಾದಷ್ಟೇ ಹನಿ ಇಂದು ಹೆಚ್ಚಾಗುತ್ತಿತ್ತು. ಅಷ್ಟರಲ್ಲಿ ಆಸ್ಪಿರಿನ್ನಿನಂಥ ಅಳತೆ ಗೊತ್ತಿರುವ ಗುಳಿಗೆಗಳು ಬಂದವು. 1932ರಲ್ಲಿ ಬ್ರಿಟನ್ನಿನ ಅಧಿಕೃತ ಔಷಧಕೋಶದಿಂದ ಇದನ್ನು ಕೈಬಿಟ್ಟರು. ಇನ್ನೊಂದು ಕಡೆ ದೇಶದೇಶಗಳ ಒಪ್ಪಂದಗಳು. 1925ರ ಜಿನೀವಾ ಒಪ್ಪಂದದಲ್ಲಿ ಗಾಂಜಾ ಸೇರಿತು. 1961ರ ವಿಶ್ವಸಂಸ್ಥೆಯ ಒಪ್ಪಂದ ಅದನ್ನು ಹೆರಾಯಿನ್ನಿನ ಜೊತೆಗೆ ಅತ್ಯಂತ ಕಠಿಣ ಪಟ್ಟಿಯಲ್ಲಿ ಕೂಡಿಸಿತು. ಭಾರತದಂಥ ದೇಶಗಳಿಗೆ ಹಳೆಯ ರೂಢಿಯನ್ನು ನಿಲ್ಲಿಸಲು ಇಪ್ಪತ್ತೈದು ವರ್ಷಗಳ ಅವಧಿ ಕೊಟ್ಟಿತು. ಆ ಅವಧಿ ತೀರುವ ಮುನ್ನ 1985ರಲ್ಲಿ ನಮ್ಮ ಪಾರ್ಲಿಮೆಂಟು ಮಾದಕದ್ರವ್ಯಗಳ ಕಾಯಿದೆಯನ್ನು ಮಾಡಿತು. ಅದೇ ವರ್ಷದ ನವೆಂಬರ್ 14ರಂದು ಅದು ಜಾರಿಗೆ ಬಂತು. ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬರಿಯ ಎಲೆ, ಬೀಜಗಳು ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಭಂಗಿ ಉಳಿದುಕೊಂಡದ್ದು ಈ ಸಂದಿನಲ್ಲಿ. 2022ರ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಬ್ಬ ಆರೋಪಿಗೆ ಜಾಮೀನು ಕೊಡುವಾಗ ಈ ಮಾತನ್ನೇ ಎತ್ತಿ ಹೇಳಿತು. ಆದರೆ ಗಿಡವನ್ನು ಪರವಾನಗಿಯಿಲ್ಲದೆ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಒಂದು ಕಿಲೋದೊಳಗಿನ ಗಾಂಜಾ ಸಿಕ್ಕರೂ ಒಂದು ವರ್ಷದವರೆಗೆ ಜೈಲು. ಇಪ್ಪತ್ತು ಕಿಲೋ ಮೀರಿದರೆ ಹತ್ತರಿಂದ ಇಪ್ಪತ್ತು ವರ್ಷ.

ಹೀಗೆ ನಮ್ಮಲ್ಲಿ ಬಾಗಿಲು ಮುಚ್ಚುತ್ತಿದ್ದಾಗ ಪ್ರಯೋಗಶಾಲೆಗಳಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶುಲಂ ಮತ್ತು ಅವರ ಸಂಗಡಿಗರು ಗಾಂಜಾದ ಅಮಲಿಗೆ ಕಾರಣವಾದ ಟಿ.ಎಚ್.ಸಿ. ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅಮಲು ತರದ ಸಿ.ಬಿ.ಡಿ. ಎಂಬ ಇನ್ನೊಂದರ ರಚನೆಯನ್ನು ಅದರ ಹಿಂದಿನ ವರ್ಷವೇ ಕಂಡುಕೊಂಡಿದ್ದರು. ಮಿದುಳಿನಲ್ಲಿ ಈ ರಾಸಾಯನಿಕ ಬಂದು ಕೂಡುವ ಜಾಗಗಳಿವೆ ಎಂದು 1988ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಹಾಗಾದರೆ ಬೀಗವಿದ್ದ ಮೇಲೆ ಮೈಯದೇ ಒಂದು ಕೀಲಿಕೈ ಇರಬೇಕಲ್ಲ? 1992ರಲ್ಲಿ ಜೆರೂಸಲೇಮಿನಲ್ಲಿ ಅದೂ ಸಿಕ್ಕಿತು. ನಮ್ಮ ಮೈ ತಾನೇ ತಯಾರಿಸಿಕೊಳ್ಳುವ ಆ ದ್ರವ್ಯಕ್ಕೆ ಅವರು ಇಟ್ಟ ಹೆಸರು 'ಆನಂದಮೈಡ್'. ಸಂಸ್ಕೃತದ 'ಆನಂದ'ವೇ ಅದು. ನರಗಳ ಗದ್ದಲ ಹೆಚ್ಚಾದಾಗ 'ಸಾಕು, ಸುಮ್ಮನಿರು' ಎನ್ನುವುದು ಅದರ ಕೆಲಸಗಳಲ್ಲೊಂದು. ಎಂ.ಎಸ್. ರೋಗಿಯ ಕಾಲು ಸೆಟೆಯುವುದು ಆ ಗದ್ದಲ ತಡೆಯಿಲ್ಲದೆ ನಡೆಯುವುದರಿಂದ. ಗಿಡದ ರಾಸಾಯನಿಕ ಅದೇ ಬೀಗದಲ್ಲಿ ಕೂತು ಗದ್ದಲವನ್ನು ಸ್ವಲ್ಪ ತಗ್ಗಿಸುತ್ತದೆ. ಓಶಾನೆಸ್ಸಿ ಕಣ್ಣಿನಿಂದ ಕಂಡಿದ್ದಕ್ಕೆ ಕಾರಣ ತಿಳಿದದ್ದು ನೂರೈವತ್ತು ವರ್ಷಗಳ ಮೇಲೆ.

ಇಷ್ಟಾದರೂ ಅದು ಮತ್ತೆ ಮದ್ದಾಗುತ್ತಿರಲಿಲ್ಲವೇನೋ, ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳು ಬಾಯಿ ಬಿಡದಿದ್ದರೆ. ಲೀಡ್ಸ್ ನಗರದ ಎಲಿಜಬೆತ್ ಬ್ರೈಸ್ ಎರಡು ಮಕ್ಕಳ ತಾಯಿ. ಇಪ್ಪತ್ತಾರರ ವಯಸ್ಸಿನಲ್ಲಿ ಎಂ.ಎಸ್. ಬಂತು. ಗಾಂಜಾದಿಂದ ತನ್ನ ಕಷ್ಟ ಹಗುರಾಗುವುದನ್ನು ಕಂಡುಕೊಂಡಳು. ಅದು ಅಲ್ಲಿಯೂ ಅಪರಾಧವೇ. ಕದ್ದು ಸೇವಿಸಿ ಸುಮ್ಮನಿರಬಹುದಿತ್ತು. ಅವಳು ಹಾಗೆ ಮಾಡದೆ 1990ರ ದಶಕದ ಆರಂಭದಲ್ಲಿ ಬೇರೆ ರೋಗಿಗಳೊಡನೆ ಸೇರಿ ಒಂದು ಸಂಘ ಕಟ್ಟಿದಳು. ಕ್ಲೇರ್ ಹಾಜಸ್ ಎಂಬ ಬೇರೆ ಹೆಸರಿನಿಂದ ಪತ್ರಿಕೆಗಳಿಗೆ ಬರೆದಳು, ವೈದ್ಯರನ್ನೂ ಪಾರ್ಲಿಮೆಂಟಿನವರನ್ನೂ ಕಂಡಳು. ನಮಗೆ ಮೋಜು ಬೇಡ, ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಮದ್ದು ಬೇಕು ಎಂಬುದೇ ಅವಳ ಬೇಡಿಕೆ. 1998ರಲ್ಲಿ ಅಲ್ಲಿಯ ಮೇಲ್ಮನೆಯ ವಿಜ್ಞಾನ ಸಮಿತಿ, ವೈದ್ಯರಿಗೆ ಇದನ್ನು ಬರೆದುಕೊಡುವ ಅವಕಾಶ ಇರಬೇಕೆಂದು ಶಿಫಾರಸು ಮಾಡಿತು. ಅವಳು 2011ರಲ್ಲಿ ತೀರಿಕೊಂಡಳು.

ಆಮೇಲೆ ನಡೆದದ್ದು ಪರೀಕ್ಷೆಯ ಕೆಲಸ. 2003ರಲ್ಲಿ ಬ್ರಿಟನ್ನಿನ 33 ಆಸ್ಪತ್ರೆಗಳಲ್ಲಿ 630 ಎಂ.ಎಸ್. ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಕೆಲವರಿಗೆ ಗಾಂಜಾದ ಸತ್ವದ ಗುಳಿಗೆ, ಕೆಲವರಿಗೆ ನೋಡಲು ಅಂಥದೇ ಆದ ಪೊಳ್ಳು ಗುಳಿಗೆ. ವೈದ್ಯರು ಕಾಲನ್ನು ಮಡಚಿ ಬಿಡಿಸಿ ಸೆಡೆತವನ್ನು ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ರೋಗಿಗಳನ್ನೇ ಕೇಳಿದಾಗ ಮದ್ದು ತೆಗೆದುಕೊಂಡವರಲ್ಲಿ ನೂರಕ್ಕೆ 60ರಷ್ಟು ಜನ ಸೆಡೆತ ಕಡಿಮೆಯಾಯಿತೆಂದರು. ಪೊಳ್ಳು ಗುಳಿಗೆಯವರಲ್ಲಿ 46 ಜನ. ಅಳತೆಗೋಲು ಒಂದು ಹೇಳುತ್ತದೆ, ಮೈಯಲ್ಲಿ ಅನುಭವಿಸುವವರು ಇನ್ನೊಂದು ಹೇಳುತ್ತಾರೆ. ಪೊಳ್ಳು ಗುಳಿಗೆಯಿಂದಲೂ ಇಷ್ಟು ಜನಕ್ಕೆ ಹಗುರೆನಿಸಿತಲ್ಲ ಎಂಬುದನ್ನೂ ಗಮನಿಸಬೇಕು. ಟಿ.ಎಚ್.ಸಿ., ಸಿ.ಬಿ.ಡಿ. ಎರಡನ್ನೂ ಹೆಚ್ಚು ಕಡಿಮೆ ಸಮವಾಗಿ ಸೇರಿಸಿ ಬಾಯೊಳಗೆ ಸಿಂಪಡಿಸುವ ಸೇಟಿವೆಕ್ಸ್ ಎಂಬ ಔಷಧಿಗೆ 2005ರಲ್ಲಿ ಕೆನಡಾ ಎಂ.ಎಸ್.ನ ನರದ ನೋವಿಗಾಗಿ ಒಪ್ಪಿಗೆ ಕೊಟ್ಟಿತು, 2010ರಲ್ಲಿ ಬ್ರಿಟನ್ ಸೆಡೆತಕ್ಕಾಗಿ ಕೊಟ್ಟಿತು. ಒಂದು ಸಿಂಪಡಿಕೆಯಲ್ಲಿ ಟಿ.ಎಚ್.ಸಿ. 2.7 ಮಿಲಿಗ್ರಾಂ, ದಿನಕ್ಕೆ ಹನ್ನೆರಡು ಸಿಂಪಡಿಕೆ ಮೀರುವಂತಿಲ್ಲ. 2019ರಲ್ಲಿ ಅಲ್ಲಿಯ ವೈದ್ಯಕೀಯ ಮಾರ್ಗದರ್ಶಿ ಸಂಸ್ಥೆ ಒಂದು ಒಳ್ಳೆಯ ನಿಯಮ ಹಾಕಿತು. ಬೇರೆ ಮದ್ದುಗಳಿಂದ ಗುಣ ಕಾಣದವರಿಗೆ ಮಾತ್ರ ನಾಲ್ಕು ವಾರ ಕೊಟ್ಟು ನೋಡುವುದು, ಸೆಡೆತ ನೂರಕ್ಕೆ ಇಪ್ಪತ್ತರಷ್ಟಾದರೂ ಇಳಿಯದಿದ್ದರೆ ನಿಲ್ಲಿಸಿಬಿಡುವುದು. ಎಲ್ಲಕ್ಕಿಂತ ಮುಖ್ಯವಾದ ಮಾತು 2013ರ ಇನ್ನೊಂದು ಪ್ರಯೋಗದಲ್ಲಿದೆ. ಮೂರು ವರ್ಷ ಟಿ.ಎಚ್.ಸಿ. ಕೊಟ್ಟು ನೋಡಿದರೂ ರೋಗದ ಮುನ್ನಡೆ ನಿಧಾನವಾಗಲಿಲ್ಲ. ಎಂದರೆ ಇದು ಕೆಲವರಿಗೆ ರಾತ್ರಿಯ ಕಷ್ಟವನ್ನು ಹಗುರು ಮಾಡಬಹುದಾದ ಮದ್ದು, ರೋಗವನ್ನು ವಾಸಿ ಮಾಡುವ ಮದ್ದಲ್ಲ.

ನನ್ನ ಗೆಳತಿಗೆ ನಾನು ಹೇಳಿದ್ದೂ ಇದನ್ನೇ. ಕಿವಿಯಲ್ಲಿ ಹೇಳಿದ ಮಾತಿನಲ್ಲಿ ಖರೆ ಇರುವುದು ಇಷ್ಟು. ಹೊಲದ ಸಾಲಿನಲ್ಲಿ ಕದ್ದು ಬೆಳೆದ ಗಾಂಜಾಕ್ಕೂ ಆ ಸೀಸೆಯ ಔಷಧಿಗೂ ಇರುವ ಸಂಬಂಧ ದೂರದ್ದು. ಒಂದರ ಅಳತೆ ಗೊತ್ತು, ಇನ್ನೊಂದರಲ್ಲಿ ಏನು ಎಷ್ಟಿದೆಯೋ ಬೆಳೆದವನಿಗೂ ತಿಳಿಯದು. ಹೊಗೆ ಎಂ.ಎಸ್. ಇದ್ದವರಿಗೆ ಒಳ್ಳೆಯದಲ್ಲ, ತಂಬಾಕು ಸೇರಿದರಂತೂ ರೋಗ ಬೇಗ ಮುಂದುವರಿಯುತ್ತದೆ. ಮೊದಲೇ ನಡಿಗೆ ತಪ್ಪುವವರಿಗೆ ತಲೆ ತಿರುಗಿದರೆ ಬಿದ್ದು ಎಲುಬು ಮುರಿದುಕೊಳ್ಳುವ ಭಯ. ಬಸಿರಿ, ಬಾಣಂತಿಯರು ಮುಟ್ಟಲೇಬಾರದು. ಮನೆತನದಲ್ಲಿ ಮನೋರೋಗ ಇದ್ದವರೂ ದೂರ ಇರಬೇಕು. ಈಚೆಗೆ ಎಲೆಯ ಸತ್ವದಿಂದ ಮಾಡಿದ 'ವಿಜಯಾ' ಹೆಸರಿನ ಆಯುರ್ವೇದ ಔಷಧಿಗಳು ವೈದ್ಯರ ಚೀಟಿಯ ಮೇಲೆ ನಮ್ಮ ದೇಶದಲ್ಲಿಯೂ ಸಿಗುತ್ತಿವೆ. ಭಂಗಿ ಕಾನೂನಿನ ವಿಷದ್ರವ್ಯಗಳ ಪಟ್ಟಿಯಲ್ಲಿರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ತೆಗೆದುಕೊಳ್ಳಬೇಕೆಂದು ಆ ಸೀಸೆಗಳ ಮೇಲೆ ಬರೆದಿರಬೇಕು. ಬ್ರಿಟನ್ನಿನ ಸೀಸೆಯ ಮೇಲೆ ನಡೆದ ಪರೀಕ್ಷೆಯ ಫಲವನ್ನು ಇವುಗಳಿಗೆ ಹಾಗೆಯೇ ಅಂಟಿಸಲು ಬರುವುದಿಲ್ಲ. ನರರೋಗ ತಜ್ಞರಿಗೆ ಮುಚ್ಚಿಟ್ಟು ತೆಗೆದುಕೊಳ್ಳುವುದಂತೂ ಬೇಡವೇ ಬೇಡ, ಉಳಿದ ಗುಳಿಗೆಗಳೊಡನೆ ಅದು ಜಗಳವಾಡಬಹುದು.

ಹಾಗಾದರೆ ನಮ್ಮ ತಾಲೂಕುಗಳ ಒಬ್ಬ ಹೆಣ್ಣುಮಗಳಿಗೆ ಈ ರೋಗ ಬಂದರೆ ದಾರಿಯೇ ಇಲ್ಲವೇ? ಇದೆ. ಸೆಡೆತಕ್ಕೆ ಬ್ಯಾಕ್ಲೋಫೆನ್, ಟಿಜಾನಿಡಿನ್ ಎಂಬ ಹಳೆಯ, ಕೈಗೆಟುಕುವ ಗುಳಿಗೆಗಳಿವೆ. ದಿನಾಲೂ ಕೈಕಾಲು ಎಳೆದು ಬಿಡಿಸುವ ವ್ಯಾಯಾಮ ಅದರಷ್ಟೇ ಮುಖ್ಯ, ಅದನ್ನು ಮನೆಯವರೂ ಕಲಿಯಬಹುದು. ರೋಗದ ಮುನ್ನಡೆಯನ್ನೇ ತಡೆಯುವ ಔಷಧಿಗಳು 1990ರ ದಶಕದಿಂದ ಒಂದೊಂದಾಗಿ ಬಂದಿವೆ, ಬೇಗ ಶುರು ಮಾಡಿದಷ್ಟೂ ಲಾಭ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಚಿಕಿತ್ಸೆಯಿದೆ. 1985ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸಾಯಿಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲಿ ಶಾಖೆಯಿದೆ. ಆ ವರ್ಷ ಒಂದು ಕಡೆ ಗಿಡವನ್ನು ಕಟ್ಟಿಹಾಕಿದ ಕಾಯಿದೆ, ಇನ್ನೊಂದು ಕಡೆ ರೋಗಿಗಳ ಕೈಹಿಡಿಯುವ ಸಂಘ, ಎರಡೂ ಹುಟ್ಟಿದವು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇಪ್ಪತ್ತೊಂದು ಬಗೆಯ ನ್ಯೂನತೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನೂ ಹೆಸರಿಸಿದೆ. ಹೊರಗೆ ನೋಡಿದರೆ ಚೆನ್ನಾಗಿಯೇ ಕಾಣುವ ಹೆಂಗಸಿಗೆ ಗುರುತಿನ ಕಾರ್ಡು ಯಾಕೆ ಎಂದು ಕೇಳುವವರಿಗೆ ಆ ಕಾಯಿದೆಯೇ ಉತ್ತರ.

2020ರ ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗ ಮತಕ್ಕೆ ಹಾಕಿ, ಗಾಂಜಾವನ್ನು 1961ರ ಆ ಅತ್ಯಂತ ಕಠಿಣ ಪಟ್ಟಿಯಿಂದ ತೆಗೆದುಹಾಕಿತು. ಪರವಾಗಿ 27, ವಿರೋಧವಾಗಿ 25. ಭಾರತ ಪರವಾಗಿ ಕೈಯೆತ್ತಿತು. ಇದರಿಂದ ಗಾಂಜಾ ಕಾನೂನುಬದ್ಧವಾಗಲಿಲ್ಲ, ಹತೋಟಿಯ ಪಟ್ಟಿಯಲ್ಲಿ ಅದು ಇದ್ದೇ ಇದೆ. ಮದ್ದಾಗಿ ಉಪಯೋಗವಿದೆಯೆಂಬುದನ್ನು ಲೋಕ ಒಪ್ಪಿಕೊಂಡಿತು, ಅಷ್ಟೆ. ನಮ್ಮ ಕಾಯಿದೆಯಲ್ಲಿಯೂ ವೈದ್ಯಕೀಯ ಮತ್ತು ವೈಜ್ಞಾನಿಕ ಕಾರಣಕ್ಕೆ ಅನುಮತಿ ಕೊಡುವ ಅವಕಾಶ ಮೊದಲಿನಿಂದಲೂ ಇದೆ.

ನೂರಾ ಮೂವತ್ತು ವರ್ಷಗಳ ಹಿಂದಿನ ಆ ಆಯೋಗ 1193 ಜನರನ್ನು ಕೇಳಿತು. ಎತ್ತುಗಳ ಬಗ್ಗೆಯೂ ಕೇಳಿತು. ಈಗ ಕೇಳಬೇಕಾದವರು ಬೇರೆ ಇದ್ದಾರೆ. ಇಂಡಿಯ ನಿಂಬೆಯ ತೋಟದ ಮನೆಯಲ್ಲಿಯೋ ಬಸವನ ಬಾಗೇವಾಡಿಯ ಒಂದು ಓಣಿಯಲ್ಲಿಯೋ ಕಾಲು ಸೆಟೆದು ನಿದ್ದೆಯಿಲ್ಲದೆ ಕುಳಿತ ಹೆಣ್ಣುಮಕ್ಕಳು. ಅವರಿಗೆ ಕದ್ದ ಪುಡಿಕೆಯೂ ಬೇಡ, ತಾಯತವೂ ಬೇಡ. ಓದುವ ಅಕ್ಕತಂಗಿಯರಲ್ಲಿ ನನ್ನದೊಂದು ಮಾತು. ನಿಮ್ಮ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಹರೆಯದ ಹೆಣ್ಣುಮಗಳೊಬ್ಬಳು ಕಣ್ಣು ಮಂಜು, ಕಾಲು ಜೋಮು, ಸುಸ್ತು ಎಂದರೆ ಕೆಲಸಗಳ್ಳತನ ಎನ್ನಬೇಡಿ. ನರರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ. ಸೊಲ್ಲಾಪುರವೋ ಬೆಂಗಳೂರೋ, ದೂರವೆಂದು ಮುಂದಿನ ಸುಗ್ಗಿಗೆ ಹಾಕಬೇಡಿ.